ಕಾಮಾಶಾಸ್ತ್ರ ಪ್ರವೇಶಿಕೆ

ಕಾಲಂನಲ್ಲಿ ಉದ್ದಕ್ಕೆ ನಿಂತ ಹೆಸರುಗಳನ್ನು ಅಡ್ಡಕ್ಕೆ ಮಲಗಿಸಿ, ನಡುನಡುವೆ ಕಾಮಾ ಇಡುವ ವಿದ್ಯೆಗೆ ಕಾಮಾಶಾಸ್ತ್ರವೆಂದು ಹೆಸರು. (ದೀರ್ಘವನ್ನು ಗಮನಿಸಿ ಓದಬೇಕಾಗಿ ವಿನಂತಿ.) ಇದರ ಅಧಿದೇವತೆ ಮ್ಯಾನೇಜರು. "ಅಷ್ಟೂ ಹೆಸರು ಒಂದೇ ಸೆಲ್‌ನಲ್ಲಿ ಬರಲಿ" ಎಂಬ ಅವರ ಅಪ್ಪಣೆಯೇ ಮೂಲಸೂತ್ರ, ಉಳಿದದ್ದೆಲ್ಲ ಭಾಷ್ಯ.

ಪೂರ್ವಪಕ್ಷ ಎಡ್ಗರ್ ಕಾಡ್ ಮಹಾಶಯರದು. ಕೋಷ್ಟಕದ ಒಂದು ಮನೆಯಲ್ಲಿ ಒಂದೇ ಮೌಲ್ಯ ವಾಸಿಸತಕ್ಕದ್ದು ಎಂದು ಅವರು 1970ರಲ್ಲೇ ವಿಧಿಸಿದರು. ಇದಕ್ಕೆ ಸಿದ್ಧಾಂತಿಗಳ ಸಮಾಧಾನ: ಕಾಡ್‌ರಿಗೆ ನಮ್ಮ ಮ್ಯಾನೇಜರ ಪರಿಚಯವಿರಲಿಲ್ಲ.

ಪಂಥಗಳು ಹಲವು. ಮೈಎಸ್‌ಕ್ಯೂಎಲ್‌ನವರು ಗ್ರೂಪ್‌ಕಾನ್‌ಕ್ಯಾಟ್ ಉಪಾಸಕರು. ಸೆಟ್ಟಿಂಗ್ ಮುಟ್ಟದಿದ್ದರೆ ಇವರ ಪಾತ್ರೆಗೆ ಹಿಡಿಸುವುದು 1024 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಒತ್ತು, ಗುಣಿತಗಳನ್ನು ಬಿಡಿಸಿ ಎಣಿಸಿದರೆ 'ಕೃಷ್ಣಪ್ಪ'ನಿಗೆ ಎಂಟು ಸಂಕೇತ, ಅಂದರೆ 24 ಬೈಟ್. 41 ಕೃಷ್ಣಪ್ಪಂದಿರು, ನಡುವೆ 40 ಕಾಮಾ: ಕೂಡಿಸಿ ನೋಡಿ, ಸರಿಯಾಗಿ 1024! ಇಷ್ಟು ಶುದ್ಧವಾದ ಲೆಕ್ಕ ಪಂಚಾಂಗದಲ್ಲೂ ಅಪರೂಪ. 42ನೆಯ ಕೃಷ್ಣಪ್ಪ ಮಾತ್ರ ಫಲಾನುಭವಿಯಲ್ಲ. ಎಲೆ ಮುಗಿಯಿತೆಂದು ಬಾಗಿಲು ಹಾಕಿ, ಬಂದವರೆಲ್ಲ ಉಂಡರು ಎಂದು ಬೀಗರಿಗೆ ಹೇಳುವ ಯಜಮಾನನಂತೆ ಈ ಪಂಥ. ಮೂಲೆಯಲ್ಲೊಂದು ಎಚ್ಚರಿಕೆ ಉಸುರುತ್ತದೆ, ನಿಜ. ಅದನ್ನು ಓದಿದವರನ್ನು ನಾವು ಕಂಡಿಲ್ಲ. ಒರಾಕಲ್‌ನ ಲಿಸ್ಟ್‌ಆಗ್ ಪಂಥ 4000 ಬೈಟ್ ದಾಟಿದರೆ ಒಂದು ಹೆಸರನ್ನೂ ಕೊಡದೆ ದೋಷವನ್ನು ಘೋಷಿಸುತ್ತದೆ. ಒರಟಾದರೂ ಪ್ರಾಮಾಣಿಕ.

ಪಾಂಡಾಸ್ ದರ್ಶನ ಇನ್ನೂ ಗಹನ. ಅಲ್ಲಿ ಹೆಸರು ಬರೆಯದೆ ಬಿಟ್ಟವನು ದಶಮಾಂಶ ಸಂಖ್ಯೆ! ಪೈಥಾನಿನ ಜಾಯಿನ್ ಅವನನ್ನು ಮುಟ್ಟಲೊಲ್ಲದೆ ಕೆಲಸವನ್ನೇ ನಿಲ್ಲಿಸುತ್ತದೆ.

ಇನ್ನು ವಿಭಾಜಕ ವಿಚಾರ. ವಿಳಾಸಗಳನ್ನು ಕಾಮಾದಿಂದ ಕೂಡಿಸುವುದು ಮಹಾಪಾತಕ. 'ನಂ. 12, 3ನೇ ಅಡ್ಡರಸ್ತೆ, ಮಲ್ಲೇಶ್ವರ, ಬೆಂಗಳೂರು' ಎಂಬಲ್ಲಿದ್ದ ಒಬ್ಬ ಗೃಹಸ್ಥ ಬಿಡಿಸುವಾಗ ನಾಲ್ವರಾಗುತ್ತಾನೆ. ಹಾಗೆಂದು ಪೈಪ್ ಗೆರೆ ಹಿಡಿದವರುಂಟು. ಅವರು ಹಳೆಗನ್ನಡ ಪದ್ಯಗಳ ಫೈಲ್ ಕಂಡವರಲ್ಲ. ದಂಡದ ಜಾಗದಲ್ಲಿ ಪೈಪನ್ನೇ ಒತ್ತಿರುವ ಪುಣ್ಯಾತ್ಮರಿಂದ ಪದ್ಯವೊಂದು ಸಾಲುಸಾಲಾಗಿ ಚೂರಾಗುತ್ತದೆ. ಆಸ್ಕಿಯಲ್ಲಿ 28ರಿಂದ 31ರವರೆಗಿನ ನಾಲ್ಕು ಸಂಕೇತಗಳನ್ನು ಇದೇ ಕೆಲಸಕ್ಕೆಂದು 1960ರ ದಶಕದಲ್ಲೇ ಮೀಸಲಿಟ್ಟಿದ್ದಾರೆ. ಕೀಲಿಮಣೆಯಲ್ಲಿ ಅವಕ್ಕೊಂದು ಗುಂಡಿ ಇಲ್ಲ, ಪರದೆಯ ಮೇಲೆ ಕಾಣುವುದೂ ಇಲ್ಲ. ಕಣ್ಣಿಗೆ ಕಾಣದ್ದನ್ನು ನಂಬುವಷ್ಟು ಆಸ್ತಿಕರು ಈ ಕ್ಷೇತ್ರದಲ್ಲಿ ಕಡಿಮೆ.

ಕೊನೆಯ ಪ್ರಕರಣ ವಿಯೋಗ. ಕೂಡಿಸಿ ಕೊಟ್ಟ ಮರುದಿನವೇ "ಇದನ್ನೇ ಸಾಲಿಗೊಂದು ಹೆಸರಿನಂತೆ ಬಿಡಿಸಿ ಕೊಡಿ" ಎಂಬ ಅಪ್ಪಣೆ ಬರುವುದು ಶಾಸ್ತ್ರಸಮ್ಮತ. ಇದನ್ನು ಮೈಕ್ರೋಸಾಫ್ಟ್‌ನವರು ಮೊದಲೇ ಗ್ರಹಿಸಿದ್ದರೆನ್ನಲು ಪ್ರಮಾಣವಿದೆ: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಡೆಯುವ ಸ್ಟ್ರಿಂಗ್‌ಸ್ಪ್ಲಿಟ್ ಬಂದದ್ದು 2016ರಲ್ಲಿ, ಕೂಡಿಸುವ ಸ್ಟ್ರಿಂಗ್‌ಆಗ್ 2017ರಲ್ಲಿ. ನಡುವಿನ ಅವಧಿಯಲ್ಲಿ ಪಂಡಿತರು ಎಕ್ಸ್‌ಎಂಎಲ್‌ನ ಹಿತ್ತಿಲ ದಾರಿಯಲ್ಲಿ ಕೂಡಿಸಿ, ರಾಜಬೀದಿಯಲ್ಲಿ ಒಡೆಯುತ್ತಿದ್ದರು.