ಸೋಮವಾರಾರಂಭ ಪಥ್ಯ ಮೀಮಾಂಸೆ

ವಿಜಯಪುರ ನಗರ, ಅಥಣಿ ದಾರಿಯ ಮೇಲಿನ ತಿಕೋಟಾ, ಇತ್ತ ಬಬಲೇಶ್ವರ: ಈ ಮೂರನ್ನು ನಕಾಶೆಯ ಮೇಲೆ ಗೆರೆ ಎಳೆದು ಕೂಡಿಸಿದರೆ ಒಂದು ತ್ರಿಕೋನ ಸಿದ್ಧವಾಗುತ್ತದೆ. ಈ ತ್ರಿಕೋನದಲ್ಲಿ ಎಷ್ಟು ಎಕರೆ ಜೋಳ ಬಿತ್ತಿದೆ, ಎಷ್ಟು ಎಕರೆ ದ್ರಾಕ್ಷಿ ಹಬ್ಬಿದೆ ಎಂಬುದಕ್ಕೆಲ್ಲ ಲೆಕ್ಕಪತ್ರ ಉಂಟು. ಪ್ರತಿ ಸೋಮವಾರ ಬೆಳಿಗ್ಗೆ ಎಷ್ಟು ಮಂದಿ ಡಯಟ್ ಹಿಡಿಯುತ್ತಾರೆ, ಅವರಲ್ಲಿ ಗುರುವಾರ ಮುಟ್ಟುವವರೆಷ್ಟು ಎಂಬುದಕ್ಕೆ ಮಾತ್ರ ಯಾವ ಕಚೇರಿಯಲ್ಲೂ ರಜಿಸ್ಟರ್ ಇಲ್ಲ. ಈ ಮಹಾ ಕೊರತೆಯನ್ನು ತುಂಬಲೆಂದೇ ಪ್ರಸ್ತುತ ಪ್ರಬಂಧ ಅವತರಿಸಿದೆ. ಇದೂ ಆ ಅಂಕಿಸಂಖ್ಯೆ ಕೊಡುವುದಿಲ್ಲ. ಆದರೆ ಕೊಡದಿರುವುದನ್ನು ಶಾಸ್ತ್ರೀಯವಾಗಿ ಮಾಡುತ್ತದೆ.

ಮೊದಲಿಗೆ ವಿಧಾನ. ವಿಜಯಪುರದ ಬಗ್ಗೆ ಬರೆಯುವ ಪ್ರತಿಯೊಬ್ಬನೂ ಎರಡನೇ ಪುಟ ಮುಗಿಯುವುದರೊಳಗೆ ಗೋಲಗುಮ್ಮಟದ ಪ್ರತಿಧ್ವನಿಯನ್ನು ಉಪಮೆಯಾಗಿ ತಂದೇ ತರುತ್ತಾನೆ. ಪ್ರಬಂಧಕಾರನು ಇದಕ್ಕೆ ಬೇಸತ್ತು, ಈ ಕ್ಷಣದಿಂದ ಉಪಮೆಗಳನ್ನು ಸಂಪೂರ್ಣ ಬಿಟ್ಟಿದ್ದಾನೆ. ಒಂದೂ ಇಲ್ಲ. ಚೂರೂ ಇಲ್ಲ. ಈ ಪ್ರತಿಜ್ಞೆಯ ಗತಿ ಏನಾಗುತ್ತದೆಂಬುದನ್ನು ವಿದ್ವಾಂಸರು ಗಮನಿಸುತ್ತಿರಬೇಕು.

ಅಧ್ಯಯನದ ವಸ್ತು ‘ಕ್ಷ’. ಕ್ಷ ಒಬ್ಬ ವ್ಯಕ್ತಿಯಲ್ಲ, ಓಣಿಗೊಬ್ಬರಂತೆ ಇರುವ ಒಂದು ಬಗೆ. ಕನ್ಯೆ ನೋಡಲು ಬರುವವರಿದ್ದಾರೆಂದು ಊಟ ಬಿಟ್ಟ ಕಾಲೇಜು ಹುಡುಗಿಯೂ ಕ್ಷ, ಬಿ.ಪಿ. ಮಾತ್ರೆ ಹಿಡಿದ ಮಾಸ್ತರರೂ ಕ್ಷ. ವ್ಯಾಕರಣದ ಅನುಕೂಲಕ್ಕೆ ಇಲ್ಲಿ ಕ್ಷ ಗಂಡಸು. ಸೋಮವಾರ ನಸುಕಿನಲ್ಲಿ ಅವನು ಗೋಲಗುಮ್ಮಟದ ಆವರಣದಲ್ಲಿ ವಾಕಿಂಗ್ ಮಾಡುತ್ತಾನೆ. ಮನೆಗೆ ಬಂದು ಬಿಸಿನೀರಿಗೆ ಇಂಡಿಯ ಲಿಂಬೆ ಹಿಂಡಿ ಕುಡಿಯುತ್ತಾನೆ. (2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಲಿಂಬೆ, ಹೊಟ್ಟೆ ಕರಗಿಸುವ ಜವಾಬ್ದಾರಿಯನ್ನು ಎಂದೂ ಒಪ್ಪಿಕೊಂಡಿಲ್ಲ.) ನಾಷ್ಟಾ ರದ್ದು. ಮಧ್ಯಾಹ್ನ ಒಂದೇ ರೊಟ್ಟಿ, ಒಂದು ಚಮಚ ಪುಂಡಿಪಲ್ಯ. ಶೇಂಗಾ ಹಿಂಡಿಯ ಡಬ್ಬಿಯತ್ತ ನೋಡುವುದೂ ನಿಷಿದ್ಧ. ನಾಲ್ಕು ಗಂಟೆಗೆ ಕಣ್ಣು ಕತ್ತಲಿಟ್ಟಾಗ ‘ಹಣ್ಣೇ ಅಲ್ಲೇನ್ರಿ’ ಎಂದು ತಿಕೋಟಾದ ಮಣೂಕ (ಒಣದ್ರಾಕ್ಷಿ) ಒಂದು ಹಿಡಿ, ಆಮೇಲೆ ಇನ್ನೊಂದು ಹಿಡಿ. ನೂರು ಗ್ರಾಂ ತಾಜಾ ದ್ರಾಕ್ಷಿಯಲ್ಲಿ 70ರ ಆಸುಪಾಸು ಕ್ಯಾಲರಿ, ಅಷ್ಟೇ ತೂಕದ ಮಣೂಕದಲ್ಲಿ ಸುಮಾರು 300. ಇದನ್ನು ಕ್ಷನ ಗಮನಕ್ಕೆ ತಂದವರಿಲ್ಲ.

ರಾತ್ರಿ ಅವ್ವ ಕೇಳುತ್ತಾಳೆ: “ಯಾಕೋ ತಮ್ಮಾ, ಹೊಟ್ಟಿ ನೆಟ್ಟಗಿಲ್ಲೇನು?”

“ಹಂಗೇನಿಲ್ಲಬೇ, ಡಯಟ್ ಮಾಡಲಾಕತ್ತೀನಿ.”

“ಆತು, ಉಂಡ ಮ್ಯಾಲೆ ಮಾಡುವಂತಿ, ಏಳು.”

ಈ ಒಂದು ಮಾತಿನಲ್ಲಿ ಪ್ರಬಂಧದ ಉತ್ತರಾರ್ಧವೆಲ್ಲ ಅಡಗಿದೆ. ಆದರೆ ಒಂದೇ ವಾಕ್ಯದ ಪ್ರಬಂಧಕ್ಕೆ ಯಾರೂ ಪದವಿ ಕೊಡುವುದಿಲ್ಲವಾದ್ದರಿಂದ ಮುಂದುವರಿಯಬೇಕಾಗಿದೆ.

ಗುರುವಾರ ಬಬಲೇಶ್ವರದ ಅತ್ತಿಯ ಮನೆಯಲ್ಲಿ ತೊಟ್ಟಿಲ ಕಾರ್ಯ. ಹೊಸ್ತಿಲಲ್ಲೇ ಅತ್ತಿ, “ಭಾಳ ದಪ್ಪ ಆಗೀಯಲ್ಲೋ!” ಎನ್ನುತ್ತಾಳೆ. ಪಂಕ್ತಿಯಲ್ಲಿ ಕೂತ ಮೇಲೆ ಅದೇ ಅತ್ತಿ, “ಇಷ್ಟ ಉಂಡ್ರ ಹ್ಯಾಂಗ? ನನ್ನ ಆಣಿ ಐತಿ, ಇನ್ನೊಂದು ಹಾಕಸ್ಕೋ,” ಎನ್ನುತ್ತಾಳೆ. ಈ ಎರಡು ವಾಕ್ಯಗಳ ನಡುವಿನ ಅಂತರ ಸುಮಾರು ಹತ್ತು ನಿಮಿಷ. ನಮ್ಮ ಸೀಮೆಯ ದೇಹಚಿಂತನೆಯೆಲ್ಲ ಆ ಹತ್ತು ನಿಮಿಷದಲ್ಲಿ ನಡೆದುಹೋಗುತ್ತದೆ. ಕ್ಷ ಒಂದು ಶೇಂಗಾ ಹೋಳಿಗೆ ತಿನ್ನುತ್ತಾನೆ. ತಕ್ಷಣ ಅವನ ಮನಸ್ಸಿನಲ್ಲಿ ಒಂದು ಘೋಷಣೆ ಮೊಳಗುತ್ತದೆ: “ಹೆಂಗೂ ಕೆಟ್ಟೈತಿ, ಇನ್ನ ಸೋಮವಾರದಿಂದ ನೋಡೋಣು.” ಮುಂದೆ ಐದು ಹೋಳಿಗೆ, ತುಪ್ಪ, ಹಾಲು.

ಆದರೆ ಪಂಕ್ತಿಯಲ್ಲಿ ಉಂಡದ್ದು ರೋಗವಲ್ಲ. ನಾಲ್ಕು ಜನರ ನಡುವೆ ನಕ್ಕು, ಬೆವರೊರೆಸಿಕೊಂಡು, ಎಲೆಅಡಿಕೆ ಹಾಕಿಕೊಂಡು ಎದ್ದರೆ ಅದು ಬರೇ ಹಬ್ಬ. ನಮ್ಮ ವಿಷಯ ಶುರುವಾಗುವುದು ಆ ರಾತ್ರಿ ಹನ್ನೆರಡಕ್ಕೆ, ಅತ್ತಿ ಕಟ್ಟಿಕೊಟ್ಟ ಬುತ್ತಿಯ ಮುಂದೆ. ದೀಪ ಹಚ್ಚಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ಸಪ್ಪಳವಾಗದಂತೆ ಅಂಗೈ ಅಡ್ಡ ಹಿಡಿದು ತೆಗೆಯುತ್ತಾನೆ. ನಿಂತೇ ತಿನ್ನುತ್ತಾನೆ, ರುಚಿ ನಾಲಗೆಗೆ ಮುಟ್ಟುವ ಮೊದಲೇ ಮುಂದಿನ ತುತ್ತು. ಇಲ್ಲಿ ಒಂದು ಉಪಶೋಧನೆಯನ್ನು ದಾಖಲಿಸಬೇಕು: ಕಡಕ್ ರೊಟ್ಟಿ ಕದ್ದು ತಿನ್ನಲು ಸರ್ವಥಾ ಅಯೋಗ್ಯ, ಒಂದೇ ಕಡಿತಕ್ಕೆ ಪಡಸಾಲೆಯವರೆಗೂ ಕೇಳಿಸುತ್ತದೆ. ಹೋಳಿಗೆ ನಿಃಶಬ್ದ. ಆದ್ದರಿಂದ ಅಪರಾಧವೆಲ್ಲ ಅದರ ತಲೆಗೇ ಬಂದಿದೆ. ಬೇಡವೆಂದರೂ ಕೈ ನಿಲ್ಲದಿರುವುದು, ಹೊಟ್ಟೆ ಬಿರಿದರೂ ಮುಂದುವರಿಯುವುದು, ಯಾರಾದರೂ ನೋಡಿಯಾರೆಂದು ಅಂಜುವುದು, ಆಮೇಲೆ ತನ್ನ ಮೇಲೆ ತನಗೇ ಹೇಸಿಗೆ: ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಬಿಂಜ್ ಈಟಿಂಗ್ ಕಾಯಿಲೆಗೆ ಇಂಥವನ್ನೇ ಲಕ್ಷಣಗಳೆಂದು ಬರೆದಿದೆ. ಮಾರನೆಯ ಬೆಳಿಗ್ಗೆ ಕ್ಷ ಪ್ರಾಯಶ್ಚಿತ್ತಕ್ಕೆಂದು ನಾಷ್ಟಾ ಬಿಡುತ್ತಾನೆ. ಗಾಲಿ ಮತ್ತೆ ತಿರುಗಿತು.

‘ಹೆಂಗೂ ಕೆಟ್ಟೈತಿ’ ನಿಯಮವನ್ನು ಪಾಶ್ಚಾತ್ಯರೂ ಶೋಧಿಸಿದ್ದಾರೆ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಬಳಿಕ ರುಚಿ ಪರೀಕ್ಷೆಯ ನೆಪದಲ್ಲಿ ಮನಸ್ಸಿಗೆ ಬಂದಷ್ಟು ಐಸ್‌ಕ್ರೀಮ್ ಇಟ್ಟರು. ಪಥ್ಯವಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಕಡಿಮೆ ತಿಂದರು. ಸದಾ ಪಥ್ಯದಲ್ಲಿರುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಹೆಚ್ಚು ತಿಂದರು. ನಮ್ಮಲ್ಲಿ ಇದಕ್ಕೆ ಪ್ರಯೋಗಶಾಲೆಯೇ ಬೇಕಾಗಿರಲಿಲ್ಲ. ಗಡಿಯಾಚೆಯ ಮರಾಠಿಗರು ‘ಏಕಾದಶಿ, ದುಪ್ಪಟ್ ಖಾಶಿ’ (ಉಪವಾಸ ಏಕಾದಶಿಯದು, ತಿನ್ನುವುದು ಎರಡರಷ್ಟು) ಎಂದು ಎಂದೋ ಹೇಳಿದ್ದಾರೆ. ಏಕಾದಶಿಯಂದು ಸಾಬೂದಾಣಿ ಖಿಚಡಿ ತುಂಬಿದ ಪಾತೇಲಿ ಕಂಡವರಿಗೆ ವಿವರಣೆ ಬೇಕಿಲ್ಲ.

ಈಗ ಪೂರ್ವಪಕ್ಷ. “ಮನಸ್ಸು ಗಟ್ಟಿ ಇರಬೇಕ್ರೀ, ನಾಲಿಗಿ ಹಿಡತದಾಗ ಇದ್ರ ಎಲ್ಲಾ ಆಗತೈತಿ” ಎನ್ನುವವರು ಇಲ್ಲಿ ಎದ್ದು ನಿಲ್ಲುತ್ತಾರೆ. ಇವರನ್ನು ಖಂಡಿಸಲು ಎರಡು ಪ್ರಮಾಣಗಳು ಸಾಕು. ಒಂದು ದೂರದ್ದು, ಒಂದು ಕಾಲಕೆಳಗಿನದು.

ದೂರದ್ದು: 1944ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಜನ ಗಟ್ಟಿಮುಟ್ಟಾದ ಯುವಕರನ್ನು ಸೇರಿಸಿಕೊಂಡರು. ಇವರು ಧರ್ಮಕ್ಕೆ, ಆತ್ಮಸಾಕ್ಷಿಗೆ ಅಂಜಿ ಯುದ್ಧಕ್ಕೆ ಹೋಗಲೊಲ್ಲೆ ಎಂದವರು; ಮನಸ್ಸು ಗಟ್ಟಿಯಿಲ್ಲ ಎನ್ನುವಂತಿಲ್ಲ. 24 ವಾರ ಅವರಿಗೆ ದಿನಕ್ಕೆ ಸುಮಾರು 1570 ಕ್ಯಾಲರಿ ಊಟ, ವಾರಕ್ಕೆ 35 ಕಿ.ಮೀ. ನಡಿಗೆ, ಹೆಚ್ಚೂಕಡಿಮೆ ತಿಕೋಟಾದಿಂದ ವಿಜಯಪುರಕ್ಕೆ ಹೋಗಿ ಬಂದಷ್ಟು. ತೂಕ ಕಾಲುಭಾಗ ಇಳಿಯಿತು. ಜೊತೆಗೆ ಬೇರೆಯೂ ಇಳಿಯಿತು: ಉಲ್ಲಾಸ, ಮಾತು, ಗೆಳೆತನ. ತಾಟು ನೆಕ್ಕಿದರು. ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ರಾತ್ರಿಯೆಲ್ಲ ಓದಿದರು. ಊಟ ಬಿಟ್ಟರೆ ಬೇರೆ ಯೋಚನೆಯೇ ಇಲ್ಲ. ಪ್ರಯೋಗ ಮುಗಿದ ಮೇಲೆ ಕೆಲವರು ಎಷ್ಟು ತಿಂದರೂ ಹಸಿವು ಆರದೆ, ಹೊಟ್ಟೆ ನೋಯುವವರೆಗೂ ತಿಂದರು. ಕೀಸ್ ಮತ್ತು ಸಂಗಡಿಗರು ಇದನ್ನೆಲ್ಲ 1950ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಪ್ರಕಟಿಸಿದರು.

ಕಾಲಕೆಳಗಿನದು: 1876–78ರ ಬರ. ಆಗ ಈ ಜಿಲ್ಲೆಗೆ ಕಲಾದಗಿ ಎಂದು ಹೆಸರು. 1872ರ ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಯಿತು. ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಬರಕಾಮಗಾರಿಯ ಕೂಲಿಯನ್ನು ಇಳಿಸಿದ. ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲಿಷ್ಟು ಪುಡಿಗಾಸು. ಇದರಲ್ಲಿ ಮನುಷ್ಯ ಬದುಕುವುದಿಲ್ಲ ಎಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪಟ್ಟು ಹಿಡಿದು ವಾದಿಸಿದರು. ಒಂದು ಪೌಂಡ್ ಜೋಳವೆಂದರೆ ಸುಮಾರು 450 ಗ್ರಾಂ. ಲೆಕ್ಕ ಹಾಕಿದರೆ 1500 ಕ್ಯಾಲರಿಯ ಮೇಲೆ ಕೆಳಗೆ. ಮಿನ್ನೆಸೋಟದ ಅಂಕಿಯ ಪಕ್ಕದಲ್ಲೇ ಬಂದು ಕೂರುತ್ತದೆ. ಇನ್ನು ಇವತ್ತು ಕ್ಷನ ಫ್ರಿಜ್ಜಿಗೆ ಅಂಟಿಸಿರುವ, ಜಿಮ್ಮಿನಲ್ಲಿ ದುಡ್ಡು ಕೊಟ್ಟು ತಂದ ಚಾರ್ಟ್ ನೋಡಿ: 1200 ಕ್ಯಾಲರಿ. ಟೆಂಪಲ್ ಸಾಹೇಬನಾದರೂ ಜೋಳದ ಜೊತೆಗೆ ತಾನೇ ಕಾಸು ಕೊಡುತ್ತಿದ್ದ.

ಇಲ್ಲಿಯವರೆಗೆ ತಡೆದುಕೊಂಡದ್ದಾಯಿತು. ಇನ್ನು ಆಗುವುದಿಲ್ಲ, ಒಂದು ಉಪಮೆ ಬೇಕೇಬೇಕು. ದೇಹವೆಂದರೆ ಈ ಸೀಮೆಯ ಹಳೆಯ ರೈತ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬುದು ಅವನಿಗೆ ಗೊತ್ತು, ಡೋಣಿ ಹೊಳೆ ಹರಿಯದ ವರುಷವೂ ಗೊತ್ತು. ಅದಕ್ಕೇ ಅವನು ಅಂಗಳದಲ್ಲಿ ಹಗೇವು ತೋಡಿ, ಸಿಕ್ಕಾಗ ಸಿಕ್ಕಷ್ಟು ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ. ನೀವು ನಾಷ್ಟಾ ಬಿಟ್ಟದ್ದು ಮದುವೆಯ ಫೋಟೋಕ್ಕಾಗಿ ಎಂದು ಈ ರೈತನಿಗೆ ಯಾರೂ ಹೇಳಿಲ್ಲ. ಅವನಿಗೆ ಕಾಣುವುದು ಬರ ಒಂದೇ. ಆದ್ದರಿಂದ ಹಸಿವನ್ನು ಏರಿಸುತ್ತಾನೆ, ಖರ್ಚನ್ನು ಇಳಿಸುತ್ತಾನೆ, ಗುರುವಾರ ಹೋಳಿಗೆ ಕಂಡೊಡನೆ ಹಗೇವಿನ ಬಾಯಿ ತೆಗೆಯುತ್ತಾನೆ. ಇದು ನಾಲಿಗೆಯ ದೋಷವಲ್ಲ, ಹೊಣೆ ಅರಿತ ಆಡಳಿತ. (ಗೋಲಗುಮ್ಮಟವೂ ನಾಲಗೆಯ ತುದಿಗೆ ಬಂದಿದೆ. ಹೆಂಗೂ ಕೆಟ್ಟೈತಿ. ಆದರೂ ಒಂದಕ್ಕೇ ನಿಲ್ಲಿಸಲಾಗಿದೆ. ಪ್ರಬಂಧಕಾರನಿಗೆ ಚಿಕಿತ್ಸೆ ಫಲಿಸುತ್ತಿರುವ ಲಕ್ಷಣ.)

ಹಾಗಾದರೆ ಗಾಲಿಯನ್ನು ಎಲ್ಲಿ ಮುರಿಯಬೇಕು? ರಾತ್ರಿಯ ಡಬ್ಬಿಯಲ್ಲಲ್ಲ, ಬೆಳಗಿನ ನಾಷ್ಟಾದಲ್ಲಿ. ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಇಂಥವರಿಗೆ ಹಾಕಿಕೊಟ್ಟ ಕ್ರಮದ ತಿರುಳು ಇಷ್ಟೇ: ದಿನಕ್ಕೆ ಮೂರು ಊಟ, ನಡುವೆ ಎರಡೋ ಮೂರೋ ಸಣ್ಣ ತಿಂಡಿ, ಯಾವ ಎರಡರ ನಡುವೆಯೂ ನಾಲ್ಕು ತಾಸಿಗಿಂತ ಹೆಚ್ಚು ಅಂತರವಿಲ್ಲ. ನಮ್ಮ ಗಡಿಯಾರಕ್ಕೆ ಹೊಂದಿಸಿದರೆ ಬೆಳಿಗ್ಗೆ ಎಂಟಕ್ಕೆ ಸುಸಲಾ ಅಥವಾ ಅವಲಕ್ಕಿ, ಹನ್ನೊಂದಕ್ಕೆ ಮಜ್ಜಿಗೆಯೋ ಪೇರಲವೋ, ಒಂದೂವರೆಗೆ ರೊಟ್ಟಿ, ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಐದಕ್ಕೆ ಚಾ ಜೊತೆ ಹುರಿದ ಶೇಂಗಾ, ರಾತ್ರಿ ಎಂಟೂವರೆಗೆ ಊಟ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯವರು ಇದನ್ನು ಕಂಡು ಹೌಹಾರುತ್ತಾರೆ. ಆ ಗಾದೆ ಕಟ್ಟಿದವನು ಅರ್ಧರಾತ್ರಿಯ ಹೊತ್ತನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬುದೇ ನಮ್ಮ ಉತ್ತರ.

ಎರಡನೆಯದು, ಯಾವ ತಿನಿಸಿಗೂ ಗಡಿಪಾರು ಬೇಡ. ಹೋಳಿಗೆಯನ್ನು ಹಗಲಿನಲ್ಲಿ, ತಾಟಿನಲ್ಲಿ, ಕೂತು, ನಾಲ್ಕು ಜನರೆದುರು ಉಣ್ಣಿ; ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಬುತ್ತಿ ಬಿಚ್ಚುವವರು ಹಾಗೆಯೇ ಉಣ್ಣುತ್ತಾರೆ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ರಾತ್ರಿ ಅತಿಯಾಯಿತೆಂದು ಬೆಳಿಗ್ಗೆ ಊಟ ಬಿಡಬಾರದು. ಡಬ್ಬಿ ಬರಿದಾದ ಮರುದಿನವೂ ಎಂಟಕ್ಕೆ ಸುಸಲಾ ತಿನ್ನಲೇಬೇಕು. ತೂಕದ ಯಂತ್ರ ವಾರಕ್ಕೊಮ್ಮೆ ಸಾಕು. ಅತ್ತಿಯ ಎರಡು ವಾಕ್ಯಗಳಲ್ಲಿ ಮೊದಲನೆಯದನ್ನು ಬಿಡಿಸುವ ಉಪಾಯ ಶಾಸ್ತ್ರಕ್ಕೆ ಇನ್ನೂ ಹೊಳೆದಿಲ್ಲ. ಓದುಗರಲ್ಲಿ ಅತ್ತಿಯರಿದ್ದರೆ ತಾವಾಗಿಯೇ ಬಿಡಬೇಕೆಂದು ವಿನಂತಿ.

ಇಷ್ಟು ನಕ್ಕ ಮೇಲೆ ಒಂದು ಮಾತು ನಗೆಯಿಲ್ಲದ್ದು. ಕೈ ನಿಲ್ಲದಂತೆ ತಿನ್ನುವುದು ವಾರಕ್ಕೊಮ್ಮೆಯಾದರೂ ಆಗುತ್ತ ಮೂರು ತಿಂಗಳು ಕಳೆದಿದ್ದರೆ, ತಿಂದದ್ದನ್ನು ಯಾರಾದರೂ ಬೇಕೆಂದೇ ವಾಂತಿ ಮಾಡುತ್ತಿದ್ದರೆ, ಅದು ಚಾಳಿಯಲ್ಲ, ಕಾಯಿಲೆ, ಚಿಕಿತ್ಸೆ ಇದೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಿಸುವ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನ ಮಂಗಳವಾರ, ಅಂದರೆ ಡಯಟ್ ಶುರುವಾದ ಮರುದಿನ. ಅಲ್ಲಿಯವರೆಗೆ ಕಾಯಲಾಗದವರಿಗೆ ಟೆಲಿ-ಮಾನಸ್ ಸಹಾಯವಾಣಿ ಇದೆ: ನಂಬರು 14416, ಹಗಲೂ ರಾತ್ರಿಯೂ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.