ಗೋಡೆಯಾಚೆಯ ಘಮಲು

ಕೆನಡಾದ ಮನೆಗಳಲ್ಲಿ ಕಿಟಕಿ ಇರುವುದು ನೋಡುವುದಕ್ಕೇ ಹೊರತು ತೆರೆಯುವುದಕ್ಕಲ್ಲ. ಅಕ್ಟೋಬರ್ ಕಳೆಯಿತೋ, ಹಾಕಿದ ಚಿಲಕ ಏಪ್ರಿಲ್‌ವರೆಗೂ ಹಾಗೇ. ಮಗನ ಮನೆ ಇರುವುದು ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಒಂದೇ ಗೋಡೆಗೆ ಎರಡು ಮನೆ ಬೆನ್ನು ಕೊಟ್ಟು ನಿಂತಿವೆ, ಅಲ್ಲಿಯವರ ಬಾಯಲ್ಲಿ ಅದು ‘ಸೆಮಿ’. ಚಳಿ ನುಗ್ಗದಂತೆ ಸಂದುಗೊಂದುಗಳನ್ನೆಲ್ಲ ಬಿಗಿ ಮಾಡಿರುತ್ತಾರೆ. ಚಳಿ ಬರುವುದಿಲ್ಲ, ನಿಜ. ಆದರೆ ಒಳಗೆ ಹಾಕಿದ ಒಗ್ಗರಣೆಯೂ ಹೊರಗೆ ಹೋಗುವುದಿಲ್ಲವಲ್ಲ! ಸೋಮವಾರದ ಹುಳಿಯ ಇಂಗು ಗುರುವಾರ ಕೋಟಿನ ತೋಳಿನಲ್ಲಿ ಸಿಗುತ್ತದೆ.

ನನ್ನಾಕೆಯ ಶಾಸ್ತ್ರದ ಪ್ರಕಾರ ಒಗ್ಗರಣೆ ಎಂದರೆ ಸಾಸಿವೆ ಸಿಡಿಯಬೇಕು, ಬ್ಯಾಡಗಿ ಮೆಣಸಿನಕಾಯಿ ಇನ್ನೇನು ಕಪ್ಪಾಗಬೇಕು ಅನ್ನುವಲ್ಲಿ ನಿಲ್ಲಬೇಕು, ಮನೆಯಲ್ಲಿ ಇಬ್ಬರಾದರೂ ಕೆಮ್ಮಬೇಕು. ಮಿಸ್ಸಿಸಾಗಾದಲ್ಲಿ ಕೆಮ್ಮುವ ಕೆಲಸವನ್ನು ಚಾವಣಿಗೆ ಅಂಟಿಸಿದ ಸ್ಮೋಕ್ ಅಲಾರಂ ವಹಿಸಿಕೊಂಡಿದೆ. ಅದು ಕಿರುಚಿದ ಕೂಡಲೇ ನಾನು ಟವೆಲ್ ಹಿಡಿದು ಅದರ ಕೆಳಗೆ ನಿಂತು ಚಾಮರ ಬೀಸಬೇಕು. ನಿವೃತ್ತಿಯ ಮೇಲೆ ನನಗೆ ಸಿಕ್ಕಿದ ಜವಾಬ್ದಾರಿಯ ಹುದ್ದೆ ಇದೊಂದೇ. ಸೊಸೆ ಲ್ಯಾವೆಂಡರ್ ಮೇಣದಬತ್ತಿ ಹಚ್ಚಿ ನೋಡಿದಳು. ಇಂಗೂ ಹೋಗಲಿಲ್ಲ, ಲ್ಯಾವೆಂಡರೂ ಗೆಲ್ಲಲಿಲ್ಲ. ಎರಡೂ ಸೇರಿ, ಹೆಸರಿಲ್ಲದ ಮೂರನೆಯ ವಾಸನೆಯೊಂದು ಹುಟ್ಟಿ ಮನೆಯಲ್ಲೇ ನೆಲೆಸಿತು.

ನಮ್ಮ ಹಳ್ಳಿಮನೆಯಲ್ಲಿ ಈ ತಾಪತ್ರಯವೇ ಇರಲಿಲ್ಲ ನೋಡಿ. ತಿಪಟೂರು ಕಡೆಯ ಹಂಚಿನ ಮನೆ. ಹೊಗೆ ಬೆಳಕಿಂಡಿಯಲ್ಲಿ ಅರ್ಧ, ಹಂಚಿನ ಸಂದಿಯಲ್ಲಿ ಅರ್ಧ ಹೊರಟುಹೋಗುತ್ತಿತ್ತು. ಯಾರ ಮನೆಯಲ್ಲಿ ಏನು ಸಾರು ಎಂದು ಬೀದಿಗೆಲ್ಲ ಗೊತ್ತು. ಅದನ್ನು ದೂರು ಎಂದು ಯಾರೂ ಹೇಳುತ್ತಿರಲಿಲ್ಲ, ಊಟಕ್ಕೆ ಬರುತ್ತಿದ್ದರು ಅಷ್ಟೆ.

ಇರಲಿ. ನವೆಂಬರ್‌ನಲ್ಲಿ ಬೇಸ್‌ಮೆಂಟಿಗೆ ಬಟ್ಟೆ ಒಗೆಯಲು ಇಳಿದ ನನ್ನಾಕೆ ಮೂಗು ಮುಚ್ಚಿಕೊಂಡು ಮೇಲೆ ಬಂದಳು. ಹೋಗಿ ನೋಡಿದೆ, ಅಂದರೆ ಮೂಸಿದೆ. ಹಸಿ ಬೆಳ್ಳುಳ್ಳಿ, ನಿಂಬೆಸಿಪ್ಪೆ, ಸುಟ್ಟ ರಬ್ಬರು ಮೂರನ್ನೂ ಒಟ್ಟಿಗೆ ಅರೆದಿಟ್ಟ ವಾಸನೆ. ಇಲಿ ಸತ್ತಿದೆ ಎಂದಳು ಅವಳು. ಗ್ಯಾಸ್ ಸೋರಿದೆ ಎಂದೆ ನಾನು. ಹಿತ್ತಲಿಗೆ ಸ್ಕಂಕ್ ಬಂದು ಬಾಲ ಎತ್ತಿರಬೇಕು ಎಂದಳು ಸೊಸೆ. ಮಗ ಮಾತ್ರ ಮೊಬೈಲಿನಿಂದ ತಲೆ ಎತ್ತದೆ, “ಪಕ್ಕದವರ ಗಿಡ ಹೂ ಬಿಟ್ಟಿರಬೇಕು ಅಪ್ಪ” ಎಂದ.

ಯಾವ ಗಿಡ ಎಂದು ತಿಳಿದ ಮೇಲೆ ನಾನು ಎದ್ದು ಹೋಗಿ ಮುಂಬಾಗಿಲಿನ ಚಿಲಕ ನೋಡಿ ಬಂದೆ. ನಮ್ಮ ಕಡೆ ಗಾಂಜಾ ಎಂದರೆ ಕಬ್ಬಿನ ಸಾಲಿನ ನಡುವೆ ಕಿತ್ತ ಗಿಡಗಳ ರಾಶಿ, ಅದರ ಹಿಂದೆ ಸಾಲಾಗಿ ನಿಂತ ಪೊಲೀಸರು, ಮರುದಿನದ ಪತ್ರಿಕೆಯಲ್ಲಿ ಫೋಟೊ. 1985ರ ಎನ್‌ಡಿಪಿಎಸ್ ಕಾಯ್ದೆ ತಮಾಷೆಯದಲ್ಲ. ಕೆನಡಾದಲ್ಲಿ ಮಾತ್ರ 2018ರ ಅಕ್ಟೋಬರ್ 17ರಿಂದ ಅದು ಸಕ್ರಮ. ಒಂದು ಮನೆಗೆ ನಾಲ್ಕು ಗಿಡ, ಮನೆಯಲ್ಲಿ ಎಷ್ಟು ಜನರಾದರೂ ಇರಲಿ. ಪಕ್ಕದ ಕ್ವಿಬೆಕ್ ಪ್ರಾಂತ್ಯ ಒಂದು ಗಿಡಕ್ಕೂ ಒಪ್ಪಲಿಲ್ಲ; ಆ ನಿಷೇಧವನ್ನು ಕೆನಡಾದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಜರ್ಮನಿಯವರು 2024ರ ಏಪ್ರಿಲ್‌ನಿಂದ ವಯಸ್ಕರಿಗೆ ತಲಾ ಮೂರು ಗಿಡ ಎಂದು ಹಂಚಿದರು. ನಾವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ನಾಲ್ಕನೆಯ ಗಿಡದವರೆಗೆ ಸದ್ಗೃಹಸ್ಥ, ಐದನೆಯದಕ್ಕೆ ಅಪರಾಧಿ.

ಪಕ್ಕದ ಮನೆಯವರು ಎಪ್ಪತ್ತು ದಾಟಿದ ಹಿರಿಯರು. ಮಂಡಿನೋವು, ರಾತ್ರಿ ನಿದ್ದೆ ಬಾರದು, ಗಿಡ ಅದಕ್ಕಂತೆ. ಮಾರನೆಯ ದಿನ ತಾವೇ ಬಂದು ಬಾಗಿಲು ತಟ್ಟಿದರು. ಬಹಳ ಸಂಕೋಚದಿಂದ, “ನಿಮಗೇನಾದರೂ ವಾಸನೆ ಬರುತ್ತಿದೆಯೇ? ನನಗೆ ಗೊತ್ತಾಗುವುದಿಲ್ಲ” ಎಂದರು. ನಾನೂ ಅಷ್ಟೇ ಸಂಕೋಚದಿಂದ, “ಸ್ವಲ್ಪ ಬರುತ್ತಿದೆ” ಎಂದೆ. ಅವರು ಹೊಸಿಲಲ್ಲೇ ನಿಂತು ಗಾಳಿಯನ್ನು ಮೂಸಿ, “ನಿಮ್ಮದೂ ನಿಮಗೆ ಗೊತ್ತಾಗುವುದಿಲ್ಲ ಅಂತ ಕಾಣುತ್ತದೆ” ಎಂದರು.

ಮೂಗಿನ ಸ್ವಭಾವವೇ ಹಾಗೆ. ಒಂದೇ ವಾಸನೆ ಸ್ವಲ್ಪ ಹೊತ್ತು ಬರುತ್ತಿದ್ದರೆ ಅದು ವರದಿ ಮಾಡುವುದನ್ನೇ ನಿಲ್ಲಿಸಿಬಿಡುತ್ತದೆ. ಹೊಸ ಸುದ್ದಿಗಷ್ಟೇ ಅಲ್ಲಿ ಬೆಲೆ. ಹಾಗಾಗಿ ಗಿಡ ಬೆಳೆಯುವವನೂ ಒಗ್ಗರಣೆ ಹಾಕುವವಳೂ ತಮ್ಮ ಮನೆ ಶುದ್ಧ ಎಂದೇ ಪ್ರಮಾಣ ಮಾಡುತ್ತಾರೆ, ಸುಳ್ಳಲ್ಲ. ಸಾಕ್ಷಿಗೆ ಗೋಡೆಯಾಚೆಯ ಮೂಗೇ ಬೇಕು. ಅಮೆರಿಕದ ಡೆನ್ವರ್ ನಗರದವರು ಇದಕ್ಕೊಂದು ಉಪಕರಣವನ್ನೇ ಬಳಸುತ್ತಾರೆ, ಹೆಸರು ನೇಸಲ್ ರೇಂಜರ್. ಅಧಿಕಾರಿ ಬೀದಿಯಲ್ಲಿ ನಿಂತು ಉದ್ದನೆಯ ಕೊಳವೆಯೊಂದನ್ನು ಮೂಗಿಗೆ ಒತ್ತಿಕೊಂಡು ಗಂಭೀರವಾಗಿ ಉಸಿರೆಳೆಯುತ್ತಾನೆ. ಒಂದು ಪಾಲು ಬೀದಿಯ ಗಾಳಿಗೆ ಏಳು ಪಾಲು ಶುದ್ಧ ಗಾಳಿ ಬೆರೆಸಿದರೂ ವಾಸನೆ ಹತ್ತಿತೆಂದರೆ ಅದು ನಿಯಮ ಮೀರಿದಂತೆ. ಪಕ್ಕದವರು ನನಗೆ ಅಂಥದೇ ಹುದ್ದೆಯನ್ನು ಕೊಟ್ಟರು, ಉಪಕರಣವಿಲ್ಲದೆ. ಟವೆಲ್ ಬೀಸುವವನಿಂದ ಮೂಸುವವನಾಗಿ ಬಡ್ತಿ ಪಡೆದು ನಾನು ಅವರ ಬೇಸ್‌ಮೆಂಟಿಗೆ ಇಳಿದೆ.

ಮೂಲೆಯಲ್ಲಿ ಕಪ್ಪು ಬಟ್ಟೆಯ ಗುಡಾರ. ನಾಲ್ಕಡಿ ಅಗಲ, ನಾಲ್ಕಡಿ ಉದ್ದ, ಏಳಡಿ ಎತ್ತರ. ಜಿಪ್ ಎಳೆದರೆ ಒಳಗೆಲ್ಲ ಕನ್ನಡಿಯಂಥ ಹೊಳಪು, ಕಣ್ಣು ಕುಕ್ಕುವ ಎಲ್‌ಇಡಿ ದೀಪ, ಕೆಳಗೆ ನಾಲ್ಕು ಕುಂಡ. ಮೊದಲು ದಿನಕ್ಕೆ ಹದಿನೆಂಟು ಗಂಟೆ ಬೆಳಕು ಕೊಟ್ಟು ಬೆಳೆಸಿ, ಆಮೇಲೆ ಹನ್ನೆರಡು ಗಂಟೆಗೆ ಇಳಿಸಿದರೆ ಗಿಡ ಶರತ್ಕಾಲ ಬಂತೆಂದು ನಂಬಿ ಹೂ ಬಿಡುತ್ತದೆ. ಹೂವು ಬಲಿಯುವ ಕೊನೆಯ ವಾರಗಳಲ್ಲೇ ವಾಸನೆಯ ಭರಾಟೆ. ಮೆಣಸಿನಲ್ಲಿರುವ ಕ್ಯಾರಿಯೊಫಿಲಿನ್, ನಿಂಬೆಸಿಪ್ಪೆಯ ಲಿಮೊನಿನ್, ಮಾವಿನಲ್ಲಿರುವ ಮಿರ್ಸಿನ್ ಎಲ್ಲ ಈ ಹೂವಿನಲ್ಲೂ ಇವೆ. ಸ್ಕಂಕಿನಂಥ ಆ ದುರ್ನಾತಕ್ಕೆ ಮಾತ್ರ ಗಂಧಕ ಸೇರಿದ ಬೇರೆ ಅಣುಗಳು ಕಾರಣ ಎಂದು 2021ರಲ್ಲಿ ರಸಾಯನಶಾಸ್ತ್ರಜ್ಞರು ತೋರಿಸಿದರು. ಇರುವುದು ಅತ್ಯಲ್ಪ, ಆದರೆ ಗಂಧಕದ ವಿಷಯದಲ್ಲಿ ನಮ್ಮ ಮೂಗು ಬಹಳ ಚುರುಕು. ಅಡುಗೆ ಅನಿಲಕ್ಕೆ ವಾಸನೆ ಬರಲೆಂದು ಬೆರೆಸುವುದೂ ಗಂಧಕದ ಸಂಯುಕ್ತವೇ. ಬೆಳ್ಳುಳ್ಳಿಯ ಘಾಟಿಗೂ ಗಂಧಕ, ಇಂಗಿನ ಘಮಕ್ಕೂ ಗಂಧಕ. ಗೋಡೆಯ ಆಚೆ ಈಚೆ ನಾವಿಬ್ಬರೂ ಒಂದೇ ಗೋತ್ರದವರು ಎಂದು ಅವರಿಗೆ ವಿವರಿಸಲು ಹೋದೆ. ಗೋತ್ರ ಅಂದರೇನೆಂದು ಹೇಳುವಷ್ಟರಲ್ಲಿ ಕಾಫಿ ಆರಿತು.

ಇವರ ವಿದ್ಯೆಯೆಲ್ಲ ಇರುವುದು ಗುಡಾರದ ನೆತ್ತಿಯಲ್ಲಿ. ಬಿಸಿ ಗಾಳಿ ಮೇಲೇರುತ್ತದಲ್ಲ, ಅಲ್ಲಿ ದಿಂಬಿನಷ್ಟು ದಪ್ಪದ ಲೋಹದ ಉರುಳೆಯೊಂದನ್ನು ತೂಗಿಹಾಕಿದ್ದರು. ಒಳಗೆ ತುಂಬಿರುವುದು ಆ್ಯಕ್ಟಿವೇಟೆಡ್ ಕಾರ್ಬನ್. ಅದರ ಬಾಯಿಗೆ ಫ್ಯಾನು, ಫ್ಯಾನಿಗೆ ಡಕ್ಟ್, ಡಕ್ಟಿನ ಬಾಯಿ ಗುಡಾರದಾಚೆ. ಹೊರಹೋಗುವ ಗಾಳಿಯೆಲ್ಲ ಇದ್ದಿಲನ್ನು ಹಾದೇ ಹೋಗಬೇಕು. ಗುಡಾರದ ಒಳಗಿರುವುದು 112 ಘನ ಅಡಿ ಗಾಳಿ; ಅದು ನಿಮಿಷಕ್ಕೊಮ್ಮೆ ಬದಲಾಗಬೇಕು ಎಂಬುದು ಬೆಳೆಯುವವರ ಲೆಕ್ಕ. ಫಿಲ್ಟರು ತಡೆಯುತ್ತದೆ, ಡಕ್ಟಿನ ಒಂದೊಂದು ತಿರುವೂ ಒಂದಿಷ್ಟು ಕಸಿಯುತ್ತದೆ. ಅದಕ್ಕೇ ಇವರು 200 ಸಿಎಫ್‌ಎಂನ, ಅಂದರೆ ನಿಮಿಷಕ್ಕೆ 200 ಘನ ಅಡಿ ಗಾಳಿ ಎಳೆಯುವ ಫ್ಯಾನು ಇಟ್ಟಿದ್ದರು. ಗಾಳಿಯನ್ನು ಒಳಗೆ ತಳ್ಳಬಾರದು, ಹೊರಗೆ ಎಳೆಯಬೇಕು, ಕೀಲಿರುವುದು ಇಲ್ಲೇ. ಎಳೆದರೆ ಒಳಗಿನ ಒತ್ತಡ ಕಡಿಮೆಯಾಗಿ ಜಿಪ್ಪಿನ ಸಂದಿಯಲ್ಲೂ ಗಾಳಿ ಒಳಕ್ಕೇ ನುಗ್ಗುತ್ತದೆ, ವಾಸನೆಗೆ ಕಳ್ಳದಾರಿ ಸಿಗುವುದಿಲ್ಲ. ಸರಿಯಾಗಿ ಎಳೆಯುವಾಗ ಗುಡಾರದ ಬಟ್ಟೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ಇವರದು ನೆಟ್ಟಗೆ, ಏನೂ ಆಗದವರ ಹಾಗೆ ನಿಂತಿತ್ತು.

ಪರೀಕ್ಷೆಗೆ ಹೊಗೆ ಬೇಕೆಂದರು. ಹೊಗೆ ನಮ್ಮ ಮನೆಯಲ್ಲಿ ಧಾರಾಳ. ನಾನು ಓಡಿಹೋಗಿ ಮೈಸೂರಿನಿಂದ ತಂದಿದ್ದ ಊದಿನಕಡ್ಡಿ ತಂದು ಹಚ್ಚಿದೆ. ಜಿಪ್ಪಿನ ಪಕ್ಕ ಹಿಡಿದರೆ ಹೊಗೆಯ ಎಳೆ ಒಳಗೆ ಹೋಗಲಿಲ್ಲ. ಅಲ್ಲೇ ಸುಳಿದು, ಅನುಮಾನಿಸಿ, ನನ್ನ ಕಡೆಗೇ ತಿರುಗಿತು. ಆಗ ಅವರು ಬಾಯಿಬಿಟ್ಟರು. ರಾತ್ರಿ ಫ್ಯಾನಿನ ಗುಂಯ್‌ಗುಡುವ ಸದ್ದಿಗೆ ಹೆಂಡತಿ ಗೊಣಗಿದರೆಂದು ವೇಗ ಇಳಿಸಿದ್ದರಂತೆ. ಗುಂಡಿ ತಿರುಗಿಸಿದರು. ಬಟ್ಟೆ ಸರ್ರನೆ ಒಳಕ್ಕೆ ಸೇದಿಕೊಂಡಿತು, ಊದಿನಕಡ್ಡಿಯ ಹೊಗೆ ಗೆರೆ ಎಳೆದಂತೆ ಜಿಪ್ಪಿನ ಹಲ್ಲುಗಳ ನಡುವೆ ಮಾಯ. ಮೇಲಿನಿಂದ ಅವರ ಹೆಂಡತಿ ಏನೋ ಕೂಗಿದರು. ಭಾಷೆ ಬೇರೆಯಾದರೂ ಧಾಟಿ ನನಗೆ ಪರಿಚಿತ.

ಅರ್ಧ ರೋಗ ವಾಸಿಯಾಯಿತು. ಇನ್ನರ್ಧ ತೇವಾಂಶದ್ದು. ಮಾಪಕ 70 ತೋರಿಸುತ್ತಿತ್ತು. ಹೂ ಬಿಟ್ಟಾಗ ಶೇಕಡಾ 45ರಿಂದ 50 ಇರಬೇಕು. ತೇವ ಹೆಚ್ಚಿದರೆ ಹೂವಿಗೆ ಬೂದು ಬೂಷ್ಟು ಹಿಡಿಯುತ್ತದೆ, ದ್ರಾಕ್ಷಿ ತೋಟದವರನ್ನು ಅಳಿಸುವ ಅದೇ ಬೊಟ್ರೈಟಿಸ್. ಎಲೆಗಳು ಸದಾ ಸಣ್ಣಗೆ ಅಲುಗುತ್ತಿರಲೆಂದು ಪುಟ್ಟ ಫ್ಯಾನೊಂದು ಅತ್ತಿತ್ತ ಮುಖ ತಿರುಗಿಸುತ್ತಿದ್ದದ್ದೂ ಇದಕ್ಕೇ. ಇದ್ದಿಲಿನ ಕಥೆಯೂ ಅಷ್ಟೆ. ವಾಸನೆ ಕೂರಬೇಕಾದ ರಂಧ್ರಗಳಲ್ಲಿ ನೀರಾವಿ ಮೊದಲೇ ಬಂದು ಕೂತುಬಿಡುತ್ತದೆ. ಜೊತೆಗೆ ಆ ಫಿಲ್ಟರು ವಯಸ್ಸಾದದ್ದು. ಒಂದು, ಒಂದೂವರೆ ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ.

ಹೊಸ ಫಿಲ್ಟರಿನ ಪೆಟ್ಟಿಗೆ ಬಂದಾಗ ಮೇಲೆ ಬರೆದದ್ದನ್ನು ಓದಿ ನನಗೆ ಕಣ್ಣು ಮಂಜಾಗುವುದೊಂದು ಬಾಕಿ. ತೆಂಗಿನ ಕರಟದ ಇದ್ದಿಲು! ಸುಟ್ಟ ಕರಟಕ್ಕೆ 800ರಿಂದ 1,000 ಡಿಗ್ರಿಯಲ್ಲಿ ಉಗಿ ಹಾಯಿಸಿದರೆ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರ ಬೀಳುತ್ತದೆ. ಒಂದು ಗ್ರಾಂ ಇದ್ದಿಲಿನ ಒಳಮೈ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ. ಅಣ್ಣತಮ್ಮಂದಿರ ಪಾಲಿನಲ್ಲಿ ನನಗೆ ಬಂದದ್ದು ಅಷ್ಟಿಲ್ಲ. ಭಾರತ, ಶ್ರೀಲಂಕಾ, ಫಿಲಿಪೈನ್ಸ್‌ಗಳಿಂದ ಈ ಕಾರ್ಬನ್ ಜಗತ್ತಿಗೆಲ್ಲ ಹೋಗುತ್ತದೆ. ನಮ್ಮಜ್ಜಿ ದೀಪಾವಳಿಯ ಹಂಡೆಗೆ ಬುಟ್ಟಿಗಟ್ಟಲೆ ಒಲೆಗೊಡ್ಡುತ್ತಿದ್ದ ವಸ್ತು ಇಲ್ಲಿ ಡಾಲರಿಗೆ ಬಂದು ಗಾಂಜಾದ ಮಾನ ಕಾಯುತ್ತಿದೆ.

ವಾಸನೆಯನ್ನು ಹೀಗೆ ಸೋಸುವ ಬದಲು ಪೈಪು ಹಾಕಿ ಬೀದಿಗೆ ಬಿಡಬಾರದೇ ಎಂದು ಕೇಳಿದೆ. ಬಿಟ್ಟರೆ ಆಚೆಯ ಮನೆಯವರು ಬಾಗಿಲು ತಟ್ಟುತ್ತಾರೆ, ಅದು ಒಂದು. ಕ್ಯಾಲಿಫೋರ್ನಿಯಾದ ಕಾರ್ಪಿಂಟೇರಿಯಾದಲ್ಲಿ ಹಿಂದೆ ಹೂ ಬೆಳೆಯುತ್ತಿದ್ದ ಗಾಜಿನ ಮನೆಗಳಿಗೆ ಈ ಬೆಳೆ ಬಂದ ಮೇಲೆ ಊರಿಗೆ ಊರೇ ಮೂಗು ಹಿಡಿದು ವರ್ಷಗಟ್ಟಲೆ ಜಗಳವಾಡಿದೆ. ಎರಡನೆಯದು ಚಳಿ. ದುಡ್ಡು ಸುರಿದು ಕಾಯಿಸಿದ ಗಾಳಿಯನ್ನು ಹೊರದಬ್ಬಿದರೆ ಅಷ್ಟೇ ತಣ್ಣನೆ ಗಾಳಿ ಸಂದುಗಳಿಂದ ಒಳಬರುತ್ತದೆ. ಈ ಪೀಕಲಾಟಕ್ಕೆ ಕೆನಡಾದವರೇ ಹುಡುಕಿಕೊಂಡ ಉಪಾಯವೊಂದಿದೆ. 1977ರಲ್ಲಿ ರೆಜೈನಾದಲ್ಲಿ ಕಟ್ಟಿದ ಸಸ್ಕ್ಯಾಚುವಾನ್ ಕನ್ಸರ್ವೇಷನ್ ಹೌಸ್ ಎಂಬ ಮನೆಯಲ್ಲಿ, ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಇಟ್ಟಿದ್ದರು. ಈಗ ಹೊಸ ಮನೆಗಳಲ್ಲಿ ಎಚ್‌ಆರ್‌ವಿ ಎಂಬ ಹೆಸರಿನಲ್ಲಿ ಅದು ಸಾಮಾನ್ಯ. ಓಝೋನ್ ಯಂತ್ರ ಇಟ್ಟು ವಾಸನೆ ಕೊಲ್ಲುವವರೂ ಇದ್ದಾರಂತೆ. ಜನ ವಾಸಿಸುವ ಮನೆಯಲ್ಲಿ ಅದು ವಾಸನೆಯ ಜೊತೆಗೆ ಶ್ವಾಸಕೋಶವನ್ನೂ ವಿಚಾರಿಸಿಕೊಳ್ಳುತ್ತದೆ, ಹತ್ತಿರ ಸೇರಿಸಬೇಡಿ.

ಫಿಲ್ಟರು ಬದಲಾಯಿಸಿ, ಫ್ಯಾನಿನ ಕೆಳಗೆ ರಬ್ಬರು ಪಟ್ಟಿ ಇಟ್ಟು ಅವರ ಹೆಂಡತಿಯನ್ನೂ ಸಮಾಧಾನ ಮಾಡಿದ ಮೇಲೆ ನಮ್ಮ ಬೇಸ್‌ಮೆಂಟಿನಲ್ಲಿ ಸೋಪಿನ ಪುಡಿಯ ವಾಸನೆ ಮಾತ್ರ ಉಳಿಯಿತು. ಆಮೇಲೆ ಸರದಿ ನಮ್ಮದು. ಅವರು ನಮ್ಮ ಅಡುಗೆಮನೆಗೆ ಬಂದು ಒಲೆಯ ಮೇಲಿನ ಹುಡ್ ಚಾಲೂ ಮಾಡಿ, ಅದರ ನೆತ್ತಿಯ ಮೇಲೆ ಊದಿನಕಡ್ಡಿ ಹಿಡಿದರು. ಕೆಳಗಿನಿಂದ ಸೇದಿದ ಗಾಳಿಯನ್ನೆಲ್ಲ ಅದು ಮೇಲಿನ ಜಾಲರಿಯಿಂದ ನಮ್ಮ ಮುಖಕ್ಕೇ ಉಗುಳುತ್ತಿತ್ತು; ಹೊರಗೆ ಹೋಗುವ ಪೈಪೇ ಇಲ್ಲ. ನಡುವೆ ಅಪ್ಪಳದಷ್ಟು ತೆಳ್ಳನೆಯ ಇದ್ದಿಲ ಹಾಳೆಯೊಂದಿದೆ, ಬ್ಯಾಡಗಿ ಮೆಣಸಿನಕಾಯಿಯ ಮುಂದೆ ಅದರದೇನು ಆಟ? ಈಗ ಮಗ ಹೊರಗೋಡೆಗೆ ತೂತು ಕೊರೆಸಲು ಹೊರಟಿದ್ದಾನೆ. ತೀರ ಜೋರಿನ ಫ್ಯಾನು ಹಾಕಿದರೆ ಇಡೀ ಮನೆಯೇ ಆ ಗುಡಾರದ ಸ್ಥಿತಿಗೆ ಬಂದು ಫರ್ನೇಸಿನ ಹೊಗೆ ಹಿಮ್ಮುಖ ಹರಿದೀತು, ಹೊರಗಾಳಿ ಒಳಬರಲೂ ದಾರಿ ಬಿಡಿ ಎಂದು ಪಕ್ಕದವರು ಎಚ್ಚರಿಸಿದ್ದಾರೆ. ಶನಿವಾರ ಅಳತೆ ಟೇಪು ಹಿಡಿದು ಬರುತ್ತಾರಂತೆ. ಆ ಹೊತ್ತಿಗೆ ಒಗ್ಗರಣೆ ಹಾಕುತ್ತಿದ್ದರೆ ಅನುಕೂಲ, ಗಾಳಿಯ ಹರಿವು ತಿಳಿಯುತ್ತದೆ ಎಂದರು. ಕಳೆದ ಸಲ ನನ್ನಾಕೆ ಬಡಿಸಿದ ಆ ಹಳದಿ ಅನ್ನವಾದರೆ ಇನ್ನೂ ಚೆನ್ನಾಗಿ ತಿಳಿಯುತ್ತದಂತೆ.