ಕಿಂಚಿತ್-ಪರಿಷ್ಕರಣ ಮೀಮಾಂಸೆ: ಎಂಜಿಬಿ ಎಂಜಿನ್ನಿನ ಪಾಠಸಂಪಾದನೆಯಲ್ಲಿ ‘ಹೇಗೂ’ ಎಂಬ ಅವ್ಯಯದ ಸ್ಥಾನ

ಪೀಠಿಕೆ

ಓಲೆಗರಿಯ ಕಟ್ಟಿಗೂ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೂ ಇರುವ ಸಾಮ್ಯ ವಿದ್ವಾಂಸರ ಕಣ್ಣಿಗೆ ಇನ್ನೂ ಬಿದ್ದಂತಿಲ್ಲ. ಎರಡಕ್ಕೂ ಕಾಲಕಾಲಕ್ಕೆ ಎಣ್ಣೆ ಬೇಕು. ಎರಡನ್ನೂ ಕೈಯಿಂದ ಕೈಗೆ ದಾಟಿಸಿದವರು ತಮಗೆ ತೋಚಿದ್ದನ್ನು ಸೇರಿಸಿರುತ್ತಾರೆ. ಎರಡನ್ನೂ ಬಿಚ್ಚುವುದು ಸುಲಭ. ಮತ್ತೆ ಕಟ್ಟುವಾಗ ಒಂದೆರಡು ಉಳಿದೇ ಉಳಿಯುತ್ತವೆ. ಆದಕಾರಣ ಗ್ರಂಥಸಂಪಾದನೆಯ ವಿಧಿಗಳು ಎಂಜಿನ್ನಿಗೂ ಸಲ್ಲುತ್ತವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಆಕರ: ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು. ರಚನಾಸ್ಥಳ, ಆಕ್ಸ್‌ಫರ್ಡ್ ಬಳಿಯ ಅಬಿಂಗ್ಡನ್. ಕಾಲ, 1962ರಿಂದ 1980. ಪ್ರತಿಗಳು ಐದು ಲಕ್ಷಕ್ಕೂ ಹೆಚ್ಚು. ಓಲೆಗರಿಗೆ ಗೆದ್ದಲು ಹೇಗೋ ಇವಕ್ಕೆ ತುಕ್ಕು ಹಾಗೆ.

ಮೂಲಪಾಠ

ಎಂಜಿಬಿಯ ಮುಂಭಾಗದಲ್ಲಿ ಕುಳಿತಿರುವುದು ಬಿಎಂಸಿ ಕಂಪನಿಯ ‘ಬಿ-ಸೀರೀಸ್’ ಎಂಜಿನ್. ಇದರ ಮೂಲಪುರುಷ 1947ರ ಆಸ್ಟಿನ್ ಎ40 ಕಾರಿನ 1200 ಸಿಸಿ ಎಂಜಿನ್. ವಂಶ ಬೆಳೆಯುತ್ತ 1489, 1622, ಕೊನೆಗೆ 1798 ಸಿಸಿಗೆ ಬಂತು. ಸ್ವಾರಸ್ಯವೆಂದರೆ, ಸಿಲಿಂಡರಿನ ಬಾಯಿ ಅಗಲವಾಗುತ್ತ 80.26 ಮಿ.ಮೀ. ಆಯಿತು, ಪಿಸ್ಟನ್ ಏರಿಳಿಯುವ ದೂರ ಮಾತ್ರ ಅಜ್ಜನಿಂದ ಮೊಮ್ಮಗನವರೆಗೆ ಅದೇ 88.9 ಮಿ.ಮೀ., ಅಂದರೆ ಸರಿಯಾಗಿ ಮೂರೂವರೆ ಇಂಚು. ಬಾವಿಯನ್ನು ಅಗಲಿಸಿದರೇ ಹೊರತು ಆಳ ತೋಡಲಿಲ್ಲ.

ಬಾವಿ ಮೊದಲಿಗೇ ಅಷ್ಟು ಆಳವಾಗಿದ್ದುದು ಏಕೆ? ಇದಕ್ಕೆ ಶಾಸ್ತ್ರಕಾರರು ತೆರಿಗೆ ಇಲಾಖೆಯ ಕಡೆ ಬೆರಳು ತೋರಿಸುತ್ತಾರೆ. ಬ್ರಿಟನ್ನಿನಲ್ಲಿ 1940ರ ದಶಕದ ಕೊನೆಯವರೆಗೆ ಕಾರಿನ ತೆರಿಗೆ ಸಿಲಿಂಡರಿನ ಅಗಲವನ್ನು ಅಳೆದು ಹಾಕುತ್ತಿದ್ದರು, ಉದ್ದಕ್ಕೆ ತೆರಿಗೆಯಿಲ್ಲ. ಆಗ ಅಲ್ಲಿನ ಎಂಜಿನ್ನುಗಳೆಲ್ಲ ನುಗ್ಗೆಕಾಯಿಯಂತೆ ಸಪೂರವಾಗಿ ಉದ್ದಕ್ಕೆ ಬೆಳೆದವು. ತೆರಿಗೆ ಹೋಯಿತು, ಮೈಕಟ್ಟು ಉಳಿಯಿತು.

ಛಂದಸ್ಸು: 1-3-4-2. ಸಿಲಿಂಡರುಗಳು ಇದೇ ಕ್ರಮದಲ್ಲಿ ಉರಿಯಬೇಕು. ಪ್ಲಗ್ಗಿನ ವೈರುಗಳನ್ನು 1-2-3-4 ಎಂದು ಸಿಕ್ಕಿಸಿದವನ ಕಾವ್ಯಕ್ಕೆ ಯತಿಭಂಗವಾಗಿ, ಕಾರ್ಬುರೇಟರಿನ ಬಾಯಿಂದ ಢಮ್ಮೆಂದು ಖಂಡನೆ ಬರುತ್ತದೆ.

ಪಾಠಾಂತರಗಳು

1964ರವರೆಗಿನ ಪ್ರತಿಗಳಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಮುಖ್ಯ ಬೇರಿಂಗು ಮೂರು, ನಂತರದವುಗಳಲ್ಲಿ ಐದು. ಇದರಿಂದ ಎರಡು ಮತಗಳು ಹುಟ್ಟಿವೆ. ಘರ್ಷಣೆ ಕಡಿಮೆ, ಎಂಜಿನ್ ಚುರುಕು ಎನ್ನುವವರು ತ್ರಿಬೇರಿಂಗಿಗಳು. ಚುರುಕು ಕಟ್ಟಿಕೊಂಡು ಏನಾಗಬೇಕು, ಬಾಳಿಕೆ ಬರಬೇಡವೇ ಎನ್ನುವವರು ಪಂಚಬೇರಿಂಗಿಗಳು. ತ್ರಿಬೇರಿಂಗಿ ಎಂಜಿನ್ನಿನ ಹಿಂತುದಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲೇ ಇಲ್ಲ. ತಿರುಗುವಾಗ ಎಣ್ಣೆಯನ್ನು ಒಳಕ್ಕೆ ತಳ್ಳುವ ಒಂದು ಸುರುಳಿ ಗೀರು ಮಾತ್ರ ಇದೆ. ಎಂಜಿನ್ ನಿಂತರೆ ಗೀರಿಗೂ ರಜೆ. ಓಡುವಾಗ ಸೋರದ ಕಾರು ನಿಲ್ಲಿಸಿದಾಗ ಸೋರುವುದರ ರಹಸ್ಯ ಇದೇ.

ಭಾರತೀಯ ಪಾಠವನ್ನೂ ಇಲ್ಲಿ ಉಪೇಕ್ಷಿಸುವಂತಿಲ್ಲ. ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರು ಬಹುಕಾಲ ಇದೇ ವಂಶದ 1489 ಸಿಸಿ ಎಂಜಿನ್ನನ್ನು ಹೊತ್ತಿತ್ತು. ಅದೇ ಮೂರೂವರೆ ಇಂಚಿನ ಬಾವಿ, ಅದೇ ಛಂದಸ್ಸು. ಹನ್ನೊಂದು ಜನ ತುಂಬಿಕೊಂಡು ದಿಬ್ಬಣ ಹೊರಟ ಕನ್ನಡಿಗರು ತಾವು ಸ್ಪೋರ್ಟ್ಸ್ ಕಾರಿನ ದಾಯಾದಿಯ ಬೆನ್ನೇರಿದ್ದೇವೆಂದು ಅರಿಯದೆ, ಘಾಟಿಯಲ್ಲಿ ಇಳಿದು ತಳ್ಳಿದ್ದುಂಟು.

ಲಿಪಿಕಾರದೋಷ

ಎಂಜಿನ್ ಇಳಿಸಿ ಬಿಚ್ಚಿದೊಡನೆ ಹಿಂದಿನ ಲಿಪಿಕಾರರ, ಅಂದರೆ ಹಿಂದಿನ ಮಾಲೀಕರ, ಕೈಬರಹ ಕಾಣತೊಡಗುತ್ತದೆ. ಗ್ಯಾಸ್ಕೆಟ್ ಇರಬೇಕಾದಲ್ಲಿ ಅಂಟು. ಬೋಲ್ಟ್ ಇರಬೇಕಾದಲ್ಲಿ ಅದಕ್ಕಿಂತ ಚೂರು ಉದ್ದದ ಬೇರೊಂದು ಬೋಲ್ಟ್. ಗ್ರಂಥಸಂಪಾದಕರು ಇದನ್ನು ‘ಸ್ಖಾಲಿತ್ಯ’ ಎನ್ನುತ್ತಾರೆ. ಶೆಡ್ಡಿನಲ್ಲಿ ಬಳಕೆಯಲ್ಲಿರುವ ಪದ ಅಚ್ಚಿಗೆ ಯೋಗ್ಯವಲ್ಲ.

‘ಕಿಂಚಿತ್’ ಪದದ ಅರ್ಥವ್ಯಾಪ್ತಿ

ಮೂಲವನ್ನು ಇದ್ದಂತೆಯೇ ಉಳಿಸಿ, ಕಿಂಚಿತ್ ಸುಧಾರಿಸುವುದು ಪ್ರತಿಯೊಬ್ಬ ಸಂಪಾದಕನ ಸಂಕಲ್ಪ. ಆದರೆ ಕನ್ನಡದಲ್ಲಿ ‘ಹೇಗೂ’ ಎಂಬ ಒಂದು ಅವ್ಯಯವಿದೆ. ಅದು ‘ಕಿಂಚಿತ್’ ಪಕ್ಕ ಬಂದು ಕುಳಿತರೆ ಅರ್ಥ ಹಿಗ್ಗತೊಡಗುತ್ತದೆ. ಪ್ರಯೋಗಗಳು:

ಸಿಲಿಂಡರ್ ಸವೆದಿದೆ, ಹೇಗೂ ಬೋರ್ ಮಾಡಿಸಲೇಬೇಕು. ಇಂಚಿನ ಸಾವಿರದಲ್ಲಿ 60 ಭಾಗ ಹೆಚ್ಚಿಗೆ ಕೊರೆಸಿದರೆ 1798 ಸಿಸಿ 1868 ಆಗುತ್ತದೆ. ಲಾಭ 70 ಸಿಸಿ, ಅಂದರೆ ಬೈ-ಟು ಕಾಫಿಯಲ್ಲಿ ಒಬ್ಬರ ಪಾಲು.

ಹೆಡ್ ಹೇಗೂ ಲೇತ್ ಅಂಗಡಿಗೆ ಹೋಗಬೇಕು. 1999ರ ಕೊನೆಗೆ ಬ್ರಿಟನ್ನಿನ ಬಂಕುಗಳಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ವಾಲ್ವ್ ಬಂದು ಕೂರುವ ಜಾಗವನ್ನು ಕಾಯುತ್ತಿದ್ದುದು ಆ ಸೀಸ. ಅದಿಲ್ಲದ ಮೇಲೆ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಉಕ್ಕಿನ ಸೀಟು ಕೂರಿಸಬೇಕು. ಹೋದ ಹೆಡ್ಡಿನ ದಾರಿಗಳನ್ನೂ ಹೇಗೂ ಒಮ್ಮೆ ನುಣುಪು ಮಾಡಿಸಿದರಾಯಿತು. ಹ್ಯಾರಿ ವೆಸ್ಲೇಕ್ ರೂಪಿಸಿದ ಈ ಹೆಡ್ಡು ಒಂದು ಅವಿಭಕ್ತ ಕುಟುಂಬ. ನಾಲ್ಕು ಸಿಲಿಂಡರಿಗೆ ಪೆಟ್ರೋಲ್-ಗಾಳಿ ಒಳಬರುವ ಬಾಗಿಲು ಎರಡೇ, ಹೊಗೆ ಹೋಗಲು ಮೂರು. ಒಂದೇ ಬಾಗಿಲಿನ ಇಬ್ಬರು ಬೆನ್ನುಬೆನ್ನಿಗೆ ಪಂಕ್ತಿಗೆ ಕೂರುವುದರಿಂದ ಒಬ್ಬನ ಎಲೆಗೆ ಬಡಿಸಿದ್ದರಲ್ಲಿ ಇನ್ನೊಬ್ಬ ಕೈಯಿಡುತ್ತಾನೆ. ಎಷ್ಟು ನುಣುಪು ಮಾಡಿಸಿದರೂ ಈ ಮನೆಜಗಳ ತೀರದು.

ಹೆಡ್ ಸುಧಾರಿಸಿದ ಮೇಲೆ ಹೇಗೂ ಕ್ಯಾಮ್‌ಶಾಫ್ಟ್ ಬದಲಿಸಬೇಕು. ಕ್ಯಾಮ್ ಬದಲಿಸಿದರೆ ಟ್ಯಾಪೆಟ್ಟುಗಳೂ ಹೊಸವೇ ಬೇಕು. ಉಸಿರು ಹೆಚ್ಚಾದರೆ ಆಹಾರವೂ ಹೆಚ್ಚಬೇಕಲ್ಲ, ಜೋಡಿ ಎಸ್‌ಯು ಕಾರ್ಬುರೇಟರುಗಳ ಸೂಜಿ ಬದಲಾಗಬೇಕು. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಮನೆತನದ್ದು ಚಪ್ಪಲಿ-ಬೂಟಿನ ವ್ಯಾಪಾರ. ಅವರ ಮೊದಮೊದಲ ಕಾರ್ಬುರೇಟರಿನಲ್ಲಿ ಚರ್ಮದ ತಿದಿಯೇ ಇತ್ತು ಎಂಬುದನ್ನು ವಂಶಪಾರಂಪರ್ಯ ಸಿದ್ಧಾಂತದ ಪುಷ್ಟಿಗಾಗಿ ಇಲ್ಲಿ ದಾಖಲಿಸಲಾಗಿದೆ. ಇನ್ನು ಕ್ಲಚ್ಚು? ಎಂಜಿನ್ ಹೇಗೂ ಕೆಳಗಿದೆ.

ಹೀಗೆ ಒಂದು ಗ್ಯಾಸ್ಕೆಟ್ ಬದಲಿಸಲು ಶನಿವಾರ ಬೆಳಿಗ್ಗೆ ಶೆಡ್ಡಿಗೆ ಹೋದ ಸಂಪಾದಕ ಎರಡನೆಯ ಚಳಿಗಾಲದಲ್ಲಿ ಹೊರಬರುತ್ತಾನೆ.

ಫಲಶ್ರುತಿ

ಹೊಸ ಕ್ಯಾಮಿಗೆ ಮಂದಗತಿ ನಿಷಿದ್ಧ. ಎಂಜಿನ್ ಹತ್ತಿದ ಕ್ಷಣದಿಂದ ಸುಮಾರು 20 ನಿಮಿಷ, ನಿಮಿಷಕ್ಕೆ ಎರಡು ಸಾವಿರ ಸುತ್ತಿಗಿಂತ ಕೆಳಗೆ ಇಳಿಯದಂತೆ ಓಡಿಸಬೇಕು. ಆಗ ಮಾತ್ರ ಕ್ಯಾಮೂ ಟ್ಯಾಪೆಟ್ಟೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಈ ಪಾರಾಯಣವನ್ನು ಬೀದಿಯವರೆಲ್ಲರೂ ಕೇಳಿಸಿಕೊಂಡರು. ಇಪ್ಪತ್ತೊಂದನೆಯ ನಿಮಿಷ ಸಂಪಾದಕ ಕೀಲಿ ತಿರುಗಿಸಿದ. ನಿಶ್ಶಬ್ದ. ಆಮೇಲೆ ಎಂಜಿನ್ನಿನ ಹಿಂತುದಿಯಿಂದ ಟಪ್ ಎಂದು ಒಂದು ತೊಟ್ಟು ಎಣ್ಣೆ ನೆಲಕ್ಕೆ ಬಿತ್ತು.

ಎಲ್ಲ ಪ್ರತಿಗಳಲ್ಲೂ ಕಾಣುವ ಪಾಠವನ್ನು ತಿದ್ದಬಾರದೆಂಬುದು ಸಂಪಾದನೆಯ ನಿಯಮ. ಅವನು ತಗಡಿನ ತಟ್ಟೆಯೊಂದನ್ನು ಕೆಳಗಿಟ್ಟ. ಮೇಜಿನ ಮೇಲೆ ಉಳಿದಿದ್ದ ಎರಡು ವಾಷರು, ಒಂದು ನಟ್ಟನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳದ ಮೇಲೆ ‘ಅನುಬಂಧ’ ಎಂದು ಬರೆದ.